ಆಫೀಸಿನವರು ಕಳಿಸುವ ಆ ಲಿಂಕ್ ನಂಬಬಹುದಾ? ನಾರ್ವೆಯ ಪರ್ಯಾಯ ಸುದ್ದಿತಾಣಗಳೂ ಪತ್ರಿಕಾ ನೀತಿಯೂ

ಪ್ರಶ್ನೆ: ಮೇಡಂ, ನಾನು ಮೈಸೂರಿನವನು. ಕೆಲಸದ ಮೇಲೆ ನಾರ್ವೆಗೆ ಬಂದು ಬರ್ಗೆನ್‌ನಲ್ಲಿದ್ದೇನೆ. ಇಲ್ಲಿನ ಭಾಷೆ ಓದಿದರೆ ಈಗ ಅರ್ಥವಾಗುತ್ತದೆ. ಆಫೀಸಿನಲ್ಲಿ ಜೊತೆಗಾರರೊಬ್ಬರು ‘ಡಾಕ್ಯುಮೆಂಟ್’ ಎಂಬ ತಾಣದ ಲಿಂಕ್ ಆಗಾಗ ಕಳಿಸುತ್ತಾರೆ. ವಲಸೆ ಬಂದವರ ಅಪರಾಧದ ಸುದ್ದಿಯೇ ಜಾಸ್ತಿ. ‘ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ, ವಿಜಿ ಪತ್ರಿಕೆ ಇದನ್ನೆಲ್ಲ ಮುಚ್ಚಿಡುತ್ತವೆ, ಸರ್ಕಾರದ ದುಡ್ಡು ತಿನ್ನುವವು ಅವು’ ಅಂತಾರೆ. ಇಂಥ ತಾಣಗಳನ್ನು ಪತ್ರಿಕೆ ಅನ್ನಬಹುದಾ? ಇವುಗಳ ಮೇಲೆ ಯಾರ ಹಿಡಿತ ಇದೆ? ತಪ್ಪು ಬರೆದರೆ ನನ್ನಂಥವರು ದೂರು ಕೊಡಬಹುದಾ?

ಉತ್ತರ: ಮೊದಲು ನಿಮ್ಮ ಎರಡನೇ ಪ್ರಶ್ನೆ ತೆಗೆದುಕೊಳ್ಳುತ್ತೇನೆ. ಅದು ಗೊತ್ತಾದರೆ ಮೊದಲನೆಯದಕ್ಕೆ ಉತ್ತರ ಹೇಳುವುದು ಸುಲಭ.

ನಾರ್ವೆಯಲ್ಲಿ ಪತ್ರಿಕೆ ಶುರು ಮಾಡಲು ಯಾರ ಅಪ್ಪಣೆಯೂ ಬೇಡ. ಸಂವಿಧಾನದ 100ನೇ ವಿಧಿ ಮಾತಿನ ಸ್ವಾತಂತ್ರ್ಯವನ್ನು ಕಾಯುತ್ತದೆ. ಮೂಲ ವಿಧಿ 1814ರದು, 2004ರಲ್ಲಿ ಅದನ್ನು ಹೊಸದಾಗಿ ಬರೆದರು. ಆಗ ಸೇರಿದ ಒಂದು ಮಾತು ಮುಖ್ಯ: ಜನ ತಿಳಿದುಕೊಂಡು, ಮುಕ್ತವಾಗಿ ಚರ್ಚೆ ಮಾಡಲು ಬೇಕಾದ ಪರಿಸ್ಥಿತಿಯನ್ನು ಸರ್ಕಾರವೇ ಕಲ್ಪಿಸಿಕೊಡಬೇಕು. ಸರ್ಕಾರ ಸುಮ್ನೆ ಕೈಕಟ್ಟಿ ಕೂತರೆ ಸಾಲದು. ಹಾಗಂತ ಯಾವುದು ಒಳ್ಳೆಯ ಸುದ್ದಿ, ಯಾವುದು ಕೆಟ್ಟದ್ದು ಎಂದು ಸರ್ಕಾರ ಹೇಳುವುದಿಲ್ಲ. ಆ ಕೆಲಸವನ್ನು ಪತ್ರಿಕೆಯವರು ತಮ್ಮ ಮೇಲೆ ತಾವೇ ಹಾಕಿಕೊಂಡಿದ್ದಾರೆ.

ಅದರ ಕೇಂದ್ರದಲ್ಲಿ ಇರುವುದು ‘ವ್ಯಾರ್ ವಾರ್ಸೋಮ್-ಪ್ಲಕಾಟೆನ್’. ಎಚ್ಚರಿಕೆಯಿಂದಿರಿ ಎಂದು ಹೇಳುವ ಫಲಕ ಅಂದುಕೊಳ್ಳಿ. 1936ರಲ್ಲಿ ನಾರ್ವೆಯ ಪತ್ರಿಕಾ ಒಕ್ಕೂಟ ಇದನ್ನು ಒಪ್ಪಿತು. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ನಾರ್ವೇಜಿಯನ್ನಿನ ಎರಡು ಬರಹರೂಪಗಳಾದ ಬುಕ್‌ಮೋಲ್‌ನಲ್ಲೂ ಇದೆ, ನೀನೋರ್ಸ್ಕ್‌ನಲ್ಲೂ ಇದೆ. ನಾಲ್ಕು ಭಾಗಗಳು: ಸಮಾಜದಲ್ಲಿ ಪತ್ರಿಕೆಯ ಪಾತ್ರ, ಪತ್ರಕರ್ತರ ಪ್ರಾಮಾಣಿಕತೆ, ಸುದ್ದಿಮೂಲಗಳ ಜೊತೆಗಿನ ನಡವಳಿಕೆ, ಪ್ರಕಟಣೆಯ ನಿಯಮ. ಕಾನೂನಿನ ಪುಸ್ತಕದ ಭಾಷೆಯಲ್ಲ, ಕೂತು ಓದಿದರೆ ಅರ್ಧ ಗಂಟೆ ಹಿಡಿಯುವುದಿಲ್ಲ. ಭಾಷೆ ಕಲಿಯುತ್ತಿರುವ ನಿಮಗೆ ಒಳ್ಳೆಯ ಪಾಠವೂ ಆಗುತ್ತದೆ.

ಈ ಫಲಕವನ್ನು ಯಾರಾದರೂ ಮುರಿದರೆ ನೋಡಿಕೊಳ್ಳುವುದು ಪಿಎಫ್‌ಯು ಎಂಬ ಸಮಿತಿ. ಅದರ ಬೇರು 1928ಕ್ಕೆ ಹೋಗುತ್ತದೆ. ಏಳು ಜನ ಸದಸ್ಯರು. ನಾಲ್ವರು ಪತ್ರಿಕೆಯ ಕಡೆಯವರು, ಅಂದರೆ ಇಬ್ಬರು ಸಂಪಾದಕರು, ಇಬ್ಬರು ಪತ್ರಕರ್ತರು. ಉಳಿದ ಮೂವರು ಪತ್ರಿಕೆಗೆ ಸಂಬಂಧವಿಲ್ಲದ ಸಾರ್ವಜನಿಕರು. ಸಭೆ ನಡೆಯುವುದು ಬಾಗಿಲು ತೆರೆದು, ಯಾರು ಬೇಕಾದರೂ ನೋಡಬಹುದು. ಸಂಪಾದಕರು ಇನ್ನೊಬ್ಬ ಸಂಪಾದಕರ ಕೆಲಸವನ್ನು ಎಲ್ಲರ ಎದುರು ಬಿಡಿಸಿ ಹೇಳುತ್ತಾರೆ: ಈ ತಲೆಬರಹ ಸುದ್ದಿಗಿಂತ ಮುಂದೆ ಹೋಗಿದೆ, ಈ ಫೋನು ಮಾಡಿದ್ದು ತಡವಾಯಿತು, ಹೀಗೆ. ತಪ್ಪು ಅಂತ ತೀರ್ಮಾನವಾದರೆ ದಂಡ ಇಲ್ಲ, ಜೈಲಿಲ್ಲ. ಶಿಕ್ಷೆ ಒಂದೇ: ಆ ತೀರ್ಮಾನವನ್ನು ಪತ್ರಿಕೆ ತನ್ನದೇ ಜಾಗದಲ್ಲಿ, ಎದ್ದು ಕಾಣುವ ಹಾಗೆ ಪ್ರಕಟಿಸಬೇಕು.

ದಂಡವಿಲ್ಲದ ಶಿಕ್ಷೆಗೆ ಯಾರು ಹೆದರುತ್ತಾರೆ ಅಂತ ನಿಮಗನ್ನಿಸಬಹುದು. ನಮ್ಮಲ್ಲಿ ಪ್ರೆಸ್ ಕೌನ್ಸಿಲ್ ಗತಿ ನೋಡಿದವರಿಗೆ ಹಾಗನ್ನಿಸುವುದು ಸಹಜ. ಅದು 1978ರ ಕಾಯ್ದೆಯಡಿ ನಡೆಯುವ ಸಂಸ್ಥೆ, ಛೀಮಾರಿ ಹಾಕಬಹುದು ಅಷ್ಟೇ, ಟಿವಿ ಅದರ ವ್ಯಾಪ್ತಿಗೇ ಬರುವುದಿಲ್ಲ. ಛೀಮಾರಿ ಬಿದ್ದದ್ದು ಓದುಗರಿಗೆ ಗೊತ್ತಾಗುವುದೂ ಕಮ್ಮಿ. ನಾರ್ವೆಯಲ್ಲಿ ಪರಿಸ್ಥಿತಿ ಬೇರೆ. ಪಿಎಫ್‌ಯು ಮುಂದೆ ಸೋತ ಸಂಪಾದಕರು ಅದನ್ನು ಮುಖಭಂಗ ಅಂತಲೇ ತಿಳಿಯುತ್ತಾರೆ. ಉಳಿದ ಪತ್ರಿಕೆಗಳು ಆ ಸುದ್ದಿ ಬರೆಯುತ್ತವೆ, ವೃತ್ತಿಯವರ ವಲಯದಲ್ಲಿ ಚರ್ಚೆಯಾಗುತ್ತದೆ. ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಆ ನಾಚಿಕೆಯ ಬಲದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಹಾಗಾಗಿ, ನಾಚಿಕೆಪಡಲು ಒಪ್ಪದವನ ಮುಂದೆ ಈ ವ್ಯವಸ್ಥೆಗೆ ಏನು ಮಾಡಲೂ ಆಗುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ನಿಮ್ಮ ಜೊತೆಗಾರರ ತಾಣಕ್ಕೆ ಬರೋಣ.

ಡಾಕ್ಯುಮೆಂಟ್ ಹೊಸದೇನಲ್ಲ. ಹಾನ್ಸ್ ರುಸ್ತಾದ್ ಎಂಬುವರು 2003ರಲ್ಲಿ ಶುರು ಮಾಡಿದ್ದು. ವಲಸೆ, ಇಸ್ಲಾಂ, ಮುಖ್ಯವಾಹಿನಿ ಪತ್ರಿಕೆಗಳ ಟೀಕೆ, ಇವೇ ಅದರ ನಿತ್ಯದ ವಿಷಯ. ಈಗ ಪುಸ್ತಕ ಪ್ರಕಾಶನವನ್ನೂ ನಡೆಸುತ್ತದೆ. 2017ರಲ್ಲಿ ಹೆಲ್ಗೆ ಲುರೋಸ್ ಎಂಬುವರು ‘ರೀಸೆಟ್’ ತಂದರು. ಅದರ ಹಿಂದೆ ಹಣವಂತ ಹೂಡಿಕೆದಾರರಿದ್ದರು. ಆಮೇಲೆ ಲುರೋಸ್ ಅದನ್ನು ಬಿಟ್ಟು ‘ಐನೀಹೇಟರ್’ ಎಂಬ ಇನ್ನೊಂದನ್ನು ಶುರು ಮಾಡಿದರು. ‘ಹ್ಯೂಮನ್ ರೈಟ್ಸ್ ಸರ್ವಿಸ್’ ಎಂಬ ಸಂಸ್ಥೆಯೂ ಇದೇ ಓಣಿಯದು. ಅದಕ್ಕೆ ವರ್ಷಗಟ್ಟಲೆ ಸರ್ಕಾರದ ಅನುದಾನ ಬಂದಿತ್ತು ಎಂಬುದನ್ನು ನಿಮ್ಮ ಜೊತೆಗಾರರಿಗೆ ಹೇಳಿ, ಸರ್ಕಾರದ ದುಡ್ಡಿನ ಮಾತು ಮತ್ತೆ ಬಂದಾಗ. ಎಲ್ಲವೂ ಬಲಪಂಥದವೇ ಅಂದುಕೊಳ್ಳಬೇಡಿ. ‘ಸ್ಟೈಗಾನ್’ ಎಂಬ ತಾಣ ನಡೆಸುವ ಪೋಲ್ ಸ್ಟೈಗಾನ್ 1970ರ ದಶಕದಲ್ಲಿ ಮಾವೋವಾದಿ ಪಕ್ಷದ ನಾಯಕರಾಗಿದ್ದವರು. ನೇಟೋ ವಿರೋಧ, ದೊಡ್ಡ ಪತ್ರಿಕೆಗಳ ಮೇಲಿನ ಸಿಟ್ಟು ಅಲ್ಲೂ ಧಾರಾಳವಾಗಿದೆ. ಬೇರೆ ಬೇರೆ ದಿಕ್ಕಿನಿಂದ ಬಂದವರು ಒಂದು ವಿಷಯದಲ್ಲಿ ಮಾತ್ರ ಒಂದಾಗುತ್ತಾರೆ: ದೊಡ್ಡ ಪತ್ರಿಕೆಗಳು ನಿಮಗೆ ಪೂರ್ತಿ ಹೇಳುತ್ತಿಲ್ಲ.

ಒಂದು ಕಹಿ ಇತಿಹಾಸವನ್ನು ಇಲ್ಲಿ ಹೇಳಲೇಬೇಕು. 2011ರ ಜುಲೈ 22ರಂದು ಓಸ್ಲೋದ ಸರ್ಕಾರಿ ಕಚೇರಿಗಳ ಬಳಿ ಬಾಂಬ್ ಸಿಡಿಯಿತು, ಉಟೋಯ ದ್ವೀಪದಲ್ಲಿ ಯುವಜನರ ಶಿಬಿರದ ಮೇಲೆ ಗುಂಡಿನ ಮಳೆಯಾಯಿತು. 77 ಜನ ಸತ್ತರು. ಅದನ್ನು ಮಾಡಿದವನು ಹಿಂದೆ ಡಾಕ್ಯುಮೆಂಟ್‌ನ ಓದುಗರ ಚರ್ಚೆಯಲ್ಲಿ ಬರೆಯುತ್ತಿದ್ದವನು. ದಾಳಿಯಾದ ಮೇಲೆ ತಾಣವೇ ಅವನ ಬರಹಗಳನ್ನೆಲ್ಲ ಒಟ್ಟು ಮಾಡಿ ಪ್ರಕಟಿಸಿತು. ಅವನ ಕೃತ್ಯಕ್ಕೆ ತಾಣವೇ ಹೊಣೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ಓದುಗರು ಕೆಳಗೆ ಬರೆಯುವ ಮಾತಿಗೆ ಸಂಪಾದಕರ ಹೊಣೆ ಎಷ್ಟು ಎಂಬ ಪ್ರಶ್ನೆ ಅಂದಿನಿಂದ ನಾರ್ವೆಯ ಎಲ್ಲ ಪತ್ರಿಕೆಗಳನ್ನೂ ಕಾಡಿತು. ಹಲವು ಪತ್ರಿಕೆಗಳು ನಿಜವಾದ ಹೆಸರು ಕೇಳತೊಡಗಿದವು, ಕೆಲವು ಚರ್ಚೆಯನ್ನೇ ಮುಚ್ಚಿದವು. ಫಲಕದ 4.17ನೇ ಅಂಶದ ಪ್ರಕಾರ ಮೊದಲೇ ಓದಿ ನೋಡದೆ ಓದುಗರ ಬರಹ ಹಾಕುವುದಾದರೆ ಅದನ್ನು ತಿಳಿಸಬೇಕು, ನೀತಿ ಮೀರಿದ್ದನ್ನು ಆದಷ್ಟು ಬೇಗ ತೆಗೆಯಬೇಕು. ಎನ್‌ಆರ್‌ಕೆಯ ತಂತ್ರಜ್ಞಾನ ವಿಭಾಗ 2017ರಲ್ಲಿ ಒಂದು ಮಜಾ ಉಪಾಯ ಮಾಡಿತ್ತು. ಲೇಖನದ ಬಗ್ಗೆ ಮೂರು ಸಣ್ಣ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದವರಿಗೆ ಮಾತ್ರ ಪ್ರತಿಕ್ರಿಯೆ ಬರೆಯಲು ಅವಕಾಶ. ತಲೆಬರಹ ಓದಿ ಜಗಳಕ್ಕೆ ಬರುವವರಿಗೆ ಇದಕ್ಕಿಂತ ಸಭ್ಯ ಬೀಗ ನಾನು ನೋಡಿಲ್ಲ.

ಈಗ ಪತ್ರಿಕೆ ಹೌದೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆ. ನಾರ್ವೆಯವರೇ ಇದರ ಮೇಲೆ ಜೋರಾಗಿ ಕಿತ್ತಾಡಿದ್ದಾರೆ. 2018ರಲ್ಲಿ ರೀಸೆಟ್‌ನ ಲುರೋಸ್ ಸಂಪಾದಕರ ಸಂಘದ ಸದಸ್ಯತ್ವ ಕೇಳಿದರು, ಸಂಘ ಬೇಡ ಅಂದಿತು. ನೀತಿಯನ್ನು ಪಾಲಿಸದವರನ್ನು ಹೇಗೆ ಸೇರಿಸಿಕೊಳ್ಳುವುದು ಎಂಬುದು ಸಂಘದ ಕಡೆಯ ವಾದ. ನೋಡಿ, ಒಳಗಿನವರು ಬಾಗಿಲು ಹಾಕಿಕೊಂಡರು ಎಂಬುದು ರೀಸೆಟ್‌ನವರ ವಾದ. ಆ ನಿರಾಕರಣೆಯೇ ಅವರಿಗೆ ಒಂದು ಸುದ್ದಿಯಾಯಿತು, ಒಂದು ಜಾಹೀರಾತೂ ಆಯಿತು.

ನನ್ನ ಅಭಿಪ್ರಾಯ ಕೇಳಿದರೆ, ಇಂಥವರು ನಿಯಮದ ಒಳಗಿರುವುದೇ ವಾಸಿ. ಒಳಗಿದ್ದರೆ ದೂರು ಕೊಡಬಹುದು, ತೀರ್ಮಾನ ಪ್ರಕಟಿಸಿ ಎಂದು ಕೇಳಬಹುದು. ಹೊರಗಿಟ್ಟರೆ ಬಲಿಪಶುವಿನ ವೇಷ ಸಲೀಸಾಗಿ ಸಿಗುತ್ತದೆ. ಸಂಘದ ಕಷ್ಟವೂ ಗೊತ್ತಾಗುತ್ತದೆ. ಸದಸ್ಯತ್ವ ಕೊಟ್ಟರೆ ಅದನ್ನು ಮುದ್ರೆಯ ಹಾಗೆ ತೋರಿಸಿಕೊಳ್ಳುತ್ತಾರೆ, ನಡೆ ಮಾತ್ರ ಬದಲಾಗುವುದಿಲ್ಲ ಎಂಬ ಭಯ ಸುಳ್ಳಲ್ಲ. ಆದರೂ ಬಾಗಿಲು ಹಾಕಿದ್ದರಿಂದ ಯಾವ ತಾಣವೂ ಹೆಚ್ಚು ಜವಾಬ್ದಾರಿಯಿಂದ ಬರೆದದ್ದು ನನಗೆ ಕಾಣಲಿಲ್ಲ.

ಆದ್ದರಿಂದ ಪರ್ಯಾಯ, ಮುಖ್ಯವಾಹಿನಿ ಎಂಬ ಹಣೆಪಟ್ಟಿ ಬಿಡಿ. ಎಡವೋ ಬಲವೋ ಎಂಬುದನ್ನೂ ಬಿಡಿ. ಕ್ಲಾಸ್ಸೆಕಾಂಪೆನ್ ಎಂಬ ದಿನಪತ್ರಿಕೆ ಶುರುವಾಗಿದ್ದೇ ಮಾವೋವಾದಿಗಳಿಂದ, ಇವತ್ತು ಗಂಭೀರ ಪತ್ರಿಕೆಗಳ ಸಾಲಿನಲ್ಲಿದೆ. ನೋಡಬೇಕಾದದ್ದು ಒಂದೇ: ಬರೆದದ್ದಕ್ಕೆ ಉತ್ತರ ಕೊಡುವವರು ಯಾರಾದರೂ ಅಲ್ಲಿದ್ದಾರಾ?

ಅದನ್ನು ಹೇಗೆ ನೋಡುವುದು? ಯಾವುದೇ ನಾರ್ವೇಜಿಯನ್ ಪತ್ರಿಕೆಯ ಪುಟದ ತಳಕ್ಕೆ ಹೋಗಿ. ‘ಆನ್ಸ್‌ವಾರ್ಲಿಗ್ ರೆಡಾಕ್ಟೋರ್’, ಅಂದರೆ ಹೊಣೆಗಾರ ಸಂಪಾದಕ, ಅಂತ ಬರೆದು ಒಂದು ಹೆಸರಿರುತ್ತದೆ. ಆ ಹೆಸರು ಹಾಕುವುದು ಬರೀ ಮರ್ಯಾದೆಗಲ್ಲ. 2020ರ ಜುಲೈಯಿಂದ ಜಾರಿಯಲ್ಲಿರುವ ಮಾಧ್ಯಮ ಹೊಣೆ ಕಾಯ್ದೆಯ ಪ್ರಕಾರ ಸಂಪಾದಕನಿಗೆ ಮಾಲೀಕನ ಎದುರೂ ಸ್ವಾತಂತ್ರ್ಯ ಇದೆ, ಪ್ರಕಟವಾದದ್ದಕ್ಕೆ ಹೊಣೆಯೂ ಇದೆ. ಮಾಲೀಕ ಬಂದು ‘ಈ ಸುದ್ದಿ ಹಾಕಬೇಡ’ ಅನ್ನುವ ಹಾಗಿಲ್ಲ. ಇದರ ಮೂಲ 1953ರ ಸಂಪಾದಕರ ಫಲಕದಲ್ಲಿದೆ. ಅದನ್ನು ಸಂಪಾದಕರ ಸಂಘವೂ ಮಾಲೀಕರ ಸಂಘವೂ ಸೇರಿ ಒಪ್ಪಿಕೊಂಡದ್ದು. ಆ ಹೆಸರಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ: ಈ ಪತ್ರಿಕೆ ವ್ಯಾರ್ ವಾರ್ಸೋಮ್ ನಿಯಮದಂತೆ ಕೆಲಸ ಮಾಡುತ್ತದೆ, ಅನ್ಯಾಯವಾಯಿತು ಅನ್ನಿಸಿದವರು ಮೊದಲು ನಮ್ಮನ್ನು ಸಂಪರ್ಕಿಸಿ, ದೂರು ಕೇಳುವುದು ಪಿಎಫ್‌ಯು. ವಿಳಾಸವೂ ಅಲ್ಲೇ ಇರುತ್ತದೆ. ನಮ್ಮ ಮೇಲೆ ದೂರು ಕೊಡಿ ಅಂತ ತಮ್ಮ ಮನೆ ಬಾಗಿಲಿಗೇ ಬೋರ್ಡು ಹಾಕಿಕೊಂಡ ಹಾಗೆ.

ಕೆಲವು ಪರ್ಯಾಯ ತಾಣಗಳೂ ಇದೇ ಸಾಲನ್ನು ಹಾಕಿಕೊಳ್ಳುತ್ತವೆ. ರೀಸೆಟ್, ಡಾಕ್ಯುಮೆಂಟ್ ಎರಡೂ ಪಿಎಫ್‌ಯು ಮುಂದೆ ಬಂದಿವೆ. ಹಾಗಾಗಿ ಸಾಲು ಇದೆ ಎಂದಷ್ಟಕ್ಕೇ ನಂಬಿಬಿಡಬೇಡಿ. ಸುದ್ದಿಯ ಒಳಗೆ ಇಣುಕಿ ನೋಡಿ.

ಒಳಗೆ ನೋಡುವುದು ಅಂದರೆ ಏನು? ನಾರ್ವೆಯ ಪತ್ರಿಕಾ ಕಚೇರಿಗಳಲ್ಲಿ ‘ನಾಲ್ಕು ಹದಿನಾಲ್ಕು ಮಾಡಿದ್ದೀಯಾ?’ ಅಂತ ಕೇಳುತ್ತಾರೆ. ಫಲಕದ 4.14ನೇ ಅಂಶ ಅದು. ಯಾರ ಮೇಲಾದರೂ ದೊಡ್ಡ ಆರೋಪ ಹಾಕುವಾಗ, ಅವರಿಗೆ ಅದೇ ಸುದ್ದಿಯಲ್ಲೇ ಉತ್ತರ ಕೊಡುವ ಅವಕಾಶ ಸಿಗಬೇಕು. ನಾಳೆಯಲ್ಲ, ಮುಂದಿನ ವಾರವಲ್ಲ.

ಒಂದು ಊಹೆಯ ಉದಾಹರಣೆ ಇಟ್ಟುಕೊಳ್ಳೋಣ. ಒಂದು ಊರಿನ ಶಿಶುವಿಹಾರದ ಮುಖ್ಯಸ್ಥೆ ಮಕ್ಕಳ ಊಟದ ದುಡ್ಡು ಬೇರೆಯದಕ್ಕೆ ಬಳಸಿದರು ಅಂತ ಮೂವರು ಪೋಷಕರು ಹೇಳುತ್ತಾರೆ. ಸ್ಥಳೀಯ ಪತ್ರಿಕೆಯ ವರದಿಗಾರ ಏನು ಮಾಡಬೇಕು? ‘ಮೇಡಂ, ನಿಮ್ಮ ಬಗ್ಗೆ ಒಂದು ಸುದ್ದಿ ಬರುತ್ತಿದೆ, ಏನಾದರೂ ಹೇಳ್ತೀರಾ?’ ಅಂದರೆ ಸಾಲದು. ಇಂಥ ತಿಂಗಳು, ಇಂಥ ಬಿಲ್ಲು, ಇಷ್ಟು ಹಣ, ಪೋಷಕರು ಹೀಗೆ ಹೇಳುತ್ತಾರೆ ಎಂದು ಒಂದೊಂದೇ ಆರೋಪ ಮುಂದಿಡಬೇಕು. ಉತ್ತರ ಹುಡುಕಲು ಸಮಯವನ್ನೂ ಕೊಡಬೇಕು. ಸಂಜೆ ಆರಕ್ಕೆ ಮೇಲ್ ಹಾಕಿ ಏಳಕ್ಕೆ ಸುದ್ದಿ ಹಾಕಿದರೆ ಪಿಎಫ್‌ಯು ಮುಂದೆ ನಿಲ್ಲುವುದು ಕಷ್ಟ. ಅವರು ಮಾತಾಡಲು ಒಪ್ಪದಿದ್ದರೆ? ಆಗ ಸುದ್ದಿ ನಿಲ್ಲಿಸಬೇಕಿಲ್ಲ. ಅದೇ 4.14 ಹೇಳುತ್ತದೆ, ಒಬ್ಬರು ಬಾಯಿ ಬಿಡದ ಕಾರಣಕ್ಕೆ ಸುದ್ದಿ ತಡೆಯಬಾರದು ಅಂತ. ಎರಡೂ ಕಡೆ ಯೋಚಿಸಿ ಬರೆದ ನಿಯಮ.

ಈಗ ಆ ಸುದ್ದಿಯನ್ನು ಒಂದು ಪರ್ಯಾಯ ತಾಣ ಎತ್ತಿಕೊಳ್ಳುತ್ತದೆ ಅನ್ನಿ. ಇಂಥ ತಾಣಗಳಿಗೆ ಊರೂರಿಗೆ ವರದಿಗಾರರನ್ನು ಇಡುವಷ್ಟು ಹಣ ಇರುವುದಿಲ್ಲ. ಓದುಗರು ವಿಪ್ಸ್‌ನಲ್ಲಿ, ಅಂದರೆ ನಮ್ಮ ಫೋನ್‌ಪೇ ಥರದ ಆ್ಯಪ್‌ನಲ್ಲಿ, ಹಾಕುವ ದೇಣಿಗೆ, ಚಂದಾ ಇವುಗಳ ಮೇಲೆ ನಡೆಯಬೇಕು. ಜಾಹೀರಾತು ಕೊಡುವ ಕಂಪನಿಗಳ ಮೇಲೆ ಒತ್ತಡ ಹಾಕಿ ನಿಲ್ಲಿಸುವ ಚಳವಳಿಯೂ ನಡೆದಿದೆ. ಹಾಗಾಗಿ ದೊಡ್ಡ ಪತ್ರಿಕೆಯ ಸುದ್ದಿಯನ್ನೇ ಎತ್ತಿಕೊಂಡು ತಮ್ಮ ಮಾತು ಸೇರಿಸುವುದು ಇಲ್ಲಿ ಮಾಮೂಲು. ಯಾರಿಗೆ ಅವರು ಮುಖ್ಯವಾಹಿನಿ ಅಂತ ಬೈಯುತ್ತಾರೋ ಅವರ ವರದಿಯ ಮೇಲೇ ಇವರ ಅಂಗಡಿ ನಡೆಯುತ್ತದೆ. ಮುಖ್ಯಸ್ಥೆಯ ಉತ್ತರ ಮೂಲ ಸುದ್ದಿಯಲ್ಲಿ ಅರ್ಧ ಪುಟ ಇತ್ತು, ಇಲ್ಲಿ ಒಂದು ಸಾಲಾಯಿತು. ಅವರ ಹೆಸರು ಹೊರದೇಶದ್ದಾಗಿದ್ದರೆ ಅದು ತಲೆಬರಹಕ್ಕೆ ಏರಿತು. ಬೇರೆಯವರದ್ದನ್ನು ಉಲ್ಲೇಖಿಸಿದೆ ಅಷ್ಟೇ ಎಂದು ಕೈತೊಳೆದುಕೊಳ್ಳಲು ನೀತಿ ಬಿಡುವುದಿಲ್ಲ, ಮತ್ತೆ ಪ್ರಕಟಿಸಿದವನಿಗೂ ಅಷ್ಟೇ ಹೊಣೆ. ತಲೆಬರಹ ಸುದ್ದಿಗಿಂತ ಮುಂದೆ ಹೋಗಬಾರದು ಎಂದು 4.4 ಹೇಳುತ್ತದೆ. ನಿಮಗೆ ಬಂದ ಲಿಂಕ್‌ಗಳಲ್ಲಿ ಮೂಲ ಸುದ್ದಿ ಎಲ್ಲಿಯದು ಅಂತ ಹುಡುಕಿ, ಪಕ್ಕದಲ್ಲಿಟ್ಟು ಓದಿ. ಏನನ್ನು ಬಿಟ್ಟಿದ್ದಾರೆ ಎಂಬುದು ಥಟ್ಟನೆ ಕಾಣುತ್ತದೆ.

‘ಮುಚ್ಚಿಡುತ್ತಾರೆ’ ಎಂಬ ದೂರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ಪೂರ್ತಿ ಗಾಳಿಮಾತಲ್ಲ. ಅಪರಾಧದ ಸುದ್ದಿಯಲ್ಲಿ ಹೆಸರು, ಫೋಟೋ ಹಾಕುವಾಗ ಎಚ್ಚರ ಇರಲಿ ಎಂದು 4.7 ಹೇಳುತ್ತದೆ. ಜನಾಂಗ, ದೇಶ, ನಂಬಿಕೆಗಳನ್ನು ಗೌರವಿಸಿ, ವಿಷಯಕ್ಕೆ ಸಂಬಂಧವಿಲ್ಲದ ಖಾಸಗಿ ಸಂಗತಿ ಎತ್ತಬೇಡಿ ಎಂದು 4.3 ಹೇಳುತ್ತದೆ. ಕೋರ್ಟು ತೀರ್ಪು ಕೊಡುವ ಮೊದಲೇ ತಪ್ಪಿತಸ್ಥ ಅಂತ ತೀರ್ಮಾನಿಸಬೇಡಿ ಎನ್ನುವುದು 4.5. ಇದರ ಫಲವಾಗಿ, ಚಾಕು ಇರಿತದ ಸುದ್ದಿಯಲ್ಲಿ ‘ಇಪ್ಪತ್ತರ ಹರೆಯದ ಒಬ್ಬ’ ಅಂತಷ್ಟೇ ಇರುತ್ತದೆ. ಅರೆಸ್ಟಾದ ಗಂಟೆಯಲ್ಲೇ ಆರೋಪಿಯ ಮನೆ, ಅಮ್ಮ, ಜಾತಿ ಎಲ್ಲವನ್ನೂ ಟಿವಿಯಲ್ಲಿ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಅಲ್ಲಿನ ಕೆಲವು ಓದುಗರಿಗೆ ಇದು ಅನುಮಾನ ಹುಟ್ಟಿಸುತ್ತದೆ: ಯಾಕೆ ಹೇಳುತ್ತಿಲ್ಲ? ಹೇಳದ ಜಾಗದಲ್ಲಿ ಪರ್ಯಾಯ ತಾಣ ಬಂದು ನಿಲ್ಲುತ್ತದೆ. ಹೆಸರು ಹಾಕುತ್ತದೆ, ಊಹೆಯನ್ನೂ ಸೇರಿಸುತ್ತದೆ. ಸರಿಯಾದಾಗ ‘ನೋಡಿದ್ರಾ’ ಅನ್ನುತ್ತದೆ. ಊಹೆ ತಪ್ಪಾದ ದಿನ ಆ ಹೆಸರಿನವನ ಬಾಳು ಏನಾಯಿತು ಅಂತ ಕೇಳುವವರಿಲ್ಲ.

ದೊಡ್ಡ ಪತ್ರಿಕೆಗಳು ಇಲ್ಲಿ ಎಡವಿರುವುದು ಒಂದು ಕಡೆ. ಹೆಸರು ಯಾಕೆ ಹಾಕಲಿಲ್ಲ ಎಂದು ಓದುಗರಿಗೆ ಬಿಡಿಸಿ ಹೇಳುವುದನ್ನು ಅವು ಬಹಳ ಕಾಲ ಮಾಡಲಿಲ್ಲ. ನಿಯಮ ನಮಗೆ ಗೊತ್ತಿದೆ, ಸಾಕು ಅಂದುಕೊಂಡವು. ಎರಡು ಸಾಲು ಬರೆದಿದ್ದರೆ ಎಷ್ಟೋ ಅನುಮಾನ ಅಲ್ಲೇ ಸಾಯುತ್ತಿತ್ತು.

ದೊಡ್ಡವರು ಬೇರೆ ಥರವೂ ಎಡವಿದ್ದಾರೆ. 2019ರಲ್ಲಿ ವಿಜಿ ಪತ್ರಿಕೆ, ಲೇಬರ್ ಪಕ್ಷದ ಒಬ್ಬ ಮಾಜಿ ಮಂತ್ರಿ ಓಸ್ಲೋದ ಬಾರೊಂದರಲ್ಲಿ ಯುವತಿಯೊಬ್ಬಳ ಜೊತೆ ಕುಣಿಯುವ ವಿಡಿಯೋದ ಸುದ್ದಿ ಹಾಕಿತು. ಆ ಯುವತಿಯ ಮಾತು ಅಂತ ಕೆಲವು ಸಾಲುಗಳೂ ಬಂದವು. ಆಮೇಲೆ ಆಕೆ ಟಿವಿ 2 ಚಾನೆಲ್‌ಗೆ ಬಂದು, ನನ್ನ ಬಾಯಲ್ಲಿ ಆ ಮಾತು ತುರುಕಲಾಯಿತು ಎಂದರು. ವಿಜಿ ಮೊದಲು ಸಮರ್ಥಿಸಿಕೊಂಡಿತು, ಆಮೇಲೆ ಸಂಪಾದಕರು ಕ್ಷಮೆ ಕೇಳಿದರು, ಒಳಗೆ ತನಿಖೆ ಮಾಡಿ ವರದಿಯನ್ನೂ ಪ್ರಕಟಿಸಿದರು. ವಿಜಿ ನೀತಿ ಮುರಿದಿದೆ ಎಂದು ಪಿಎಫ್‌ಯು ತೀರ್ಮಾನಿಸಿತು. ದೇಶದ ಅತಿ ದೊಡ್ಡ ಪತ್ರಿಕೆಗಳಲ್ಲೊಂದು ತನ್ನ ಮೇಲಿನ ತೀರ್ಪನ್ನು ತಾನೇ ಅಚ್ಚು ಹಾಕಬೇಕಾಯಿತು. ಈ ಪ್ರಕರಣ ಹೊರಬಂದದ್ದು ಇನ್ನೊಂದು ಮುಖ್ಯವಾಹಿನಿ ಸಂಸ್ಥೆಯಿಂದ ಎಂಬುದನ್ನು ಗಮನಿಸಿ. ‘ಎಲ್ಲರೂ ಒಂದೇ, ಒಬ್ಬರನ್ನೊಬ್ಬರು ಕಾಪಾಡುತ್ತಾರೆ’ ಎಂಬ ಮಾತು ಇಂಥ ಕಡೆ ನಿಲ್ಲುವುದಿಲ್ಲ.

ಸರ್ಕಾರದ ದುಡ್ಡಿನ ಮಾತೂ ಇದೆಯಲ್ಲ. ನಾರ್ವೆ 1969ರಿಂದ ಪತ್ರಿಕೆಗಳಿಗೆ ಸಹಾಯಧನ ಕೊಡುತ್ತಿದೆ. ಸುದ್ದಿಗೆ ಮೌಲ್ಯವರ್ಧಿತ ತೆರಿಗೆಯೂ ಇಲ್ಲ, 2016ರಿಂದ ಡಿಜಿಟಲ್ ಸುದ್ದಿಗೂ ಆ ವಿನಾಯಿತಿ ಬಂತು. ಎನ್‌ಆರ್‌ಕೆ ನಡೆಯುವುದು ಜನರ ತೆರಿಗೆಯಿಂದಲೇ. ಇದನ್ನೆಲ್ಲ ನಿಮ್ಮ ಜೊತೆಗಾರರು ಹೇಳಿದರೆ ಸುಳ್ಳೇನಲ್ಲ. ಆದರೆ ಸಹಾಯಧನ ಹಂಚುವುದು ಪ್ರಸಾರ ಸಂಖ್ಯೆಯಂಥ ಲೆಕ್ಕದ ಮೇಲೆ, ಯಾರು ಸರ್ಕಾರವನ್ನು ಹೊಗಳಿದರು ಎಂಬುದರ ಮೇಲಲ್ಲ. ಅದರಲ್ಲಿ ದೊಡ್ಡ ಪಾಲು ಪಡೆಯುವ ಪತ್ರಿಕೆಗಳಲ್ಲಿ ಮೇಲೆ ಹೇಳಿದ ಕ್ಲಾಸ್ಸೆಕಾಂಪೆನ್ ಕೂಡ ಒಂದು. ಅದು ಯಾವ ಸರ್ಕಾರವನ್ನೂ ಬಿಟ್ಟಿಲ್ಲ. ಪತ್ರಿಕಾ ಸ್ವಾತಂತ್ರ್ಯದ ಜಾಗತಿಕ ಪಟ್ಟಿಯಲ್ಲಿ ನಾರ್ವೆ 2017ರಿಂದ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿ ಕೂತಿರುವುದು ಈ ಸಹಾಯಧನ ಇದ್ದೂನೇ.

ಆದರೆ ನನಗೆ ಈ ಇಡೀ ವ್ಯವಸ್ಥೆಯಲ್ಲಿ ಒಂದು ದೊಡ್ಡ ತೂತು ಕಾಣುತ್ತದೆ. ಅದನ್ನು ಹೇಳದೆ ಬಿಟ್ಟರೆ ನಿಮಗೆ ಅರ್ಧ ಉತ್ತರ ಕೊಟ್ಟ ಹಾಗಾಗುತ್ತದೆ. ಪಿಎಫ್‌ಯು ನೋಡುವುದು ಒಂದೊಂದೇ ಸುದ್ದಿಯನ್ನು. ಇದರಲ್ಲಿ ಆರೋಪಕ್ಕೆ ಉತ್ತರ ಇದೆಯಾ, ತಲೆಬರಹ ಸರಿಯಾ, ತಪ್ಪು ತಿದ್ದಿದರಾ, ಅಷ್ಟೇ. ಒಂದು ತಾಣ ಪ್ರತಿದಿನ ಹತ್ತು ಸುದ್ದಿ ಹಾಕುತ್ತದೆ ಅನ್ನಿ. ಹತ್ತೂ ನಿಜ. ಹತ್ತರಲ್ಲೂ ಅಪರಾಧಿ ಹೊರದೇಶದವನು. ಒಂದರಲ್ಲೂ ಯಾವ ನಿಯಮವೂ ಮುರಿದಿಲ್ಲ. ಹೀಗೆ ವರ್ಷವಿಡೀ ನಡೆದರೆ ಓದುಗನ ತಲೆಯಲ್ಲಿ ಕೂರುವ ಚಿತ್ರ ಯಾವುದು? ಆ ಚಿತ್ರದ ಮೇಲೆ ದೂರು ಕೊಡಲು ಯಾವ ಅಂಶವೂ ಇಲ್ಲ. 4.14 ಕಾಯುವುದು ಹೆಸರಿರುವ ಒಬ್ಬ ವ್ಯಕ್ತಿಯನ್ನು, ಒಂದು ಸಂಸ್ಥೆಯನ್ನು. ‘ಸೋಮಾಲಿಗಳು’, ‘ಮುಸ್ಲಿಮರು’, ‘ಭಾರತದಿಂದ ಬಂದವರು’ ಎಂಬ ಗುಂಪಿಗೆ ಫೋನು ಮಾಡಿ ಉತ್ತರ ಕೇಳುವುದು ಹೇಗೆ?

2017ರಲ್ಲಿ ವಿಜಿ, ದಾಗ್‌ಬ್ಲಾದೆ, ಎನ್‌ಆರ್‌ಕೆ, ಟಿವಿ 2 ಸೇರಿ ಶುರು ಮಾಡಿದ ‘ಫಾಕ್ಟಿಸ್ಕ್’ ಎಂಬ ಸತ್ಯಪರಿಶೀಲನೆ ತಾಣಕ್ಕೂ ಇದೇ ಮಿತಿ. ಹೇಳಿದ್ದು ಸುಳ್ಳೋ ನಿಜವೋ ಅಂತ ಅದು ತೂಗಬಲ್ಲದು. ನಿಜಗಳನ್ನೇ ಆರಿಸಿ ಆರಿಸಿ ಜೋಡಿಸಿದ್ದನ್ನು ತೂಗಲು ಅದರ ಬಳಿ ತಕ್ಕಡಿ ಇಲ್ಲ. ಸಾಲದ್ದಕ್ಕೆ, ಅದರ ಮಾಲೀಕರೇ ದೊಡ್ಡ ಮಾಧ್ಯಮಗಳು ಎಂಬ ಕೊಂಕು ಮಾತನ್ನೂ ಅದು ಕೇಳಬೇಕಾಗಿದೆ.

ಹಾಗಾಗಿ ಈ ಒಂದು ಕೆಲಸ ಓದುಗನ ಪಾಲಿಗೇ ಉಳಿಯುತ್ತದೆ. ಯಾವುದೇ ತಾಣದ ಒಂದು ಲಿಂಕ್ ನೋಡಿ ತೀರ್ಮಾನಿಸಬೇಡಿ. ಅದರ ಮುಖಪುಟವನ್ನು ಒಂದು ವಾರ ನೋಡಿ. ಯಾವ ವಿಷಯ ಪದೇ ಪದೇ ಬರುತ್ತದೆ, ಯಾವುದು ಬರುವುದೇ ಇಲ್ಲ, ಅವರಿಗೆ ಇಷ್ಟವಿಲ್ಲದ ಸಂಗತಿ ನಡೆದ ದಿನ ಏನು ಬರೆದರು? ‘ರೆಟ್ಟೆಲ್ಸೆ’ ಅಂದರೆ ತಿದ್ದುಪಡಿ. ಆ ಪದ ಹಾಕಿ ತಾಣದಲ್ಲಿ ಹುಡುಕಿ. ಒಂದೂ ಸಿಗದಿದ್ದರೆ ಅವರು ತಪ್ಪೇ ಮಾಡಿಲ್ಲ ಅಂತಲ್ಲ. ಇದೇ ಪರೀಕ್ಷೆಯನ್ನು ವಿಜಿಗೂ ಮಾಡಿ, ನಿಮ್ಮೂರಿನ ಬರ್ಗೆನ್ಸ್ ಟಿಡೆಂಡೆಗೂ ಮಾಡಿ. ಚಂದಾ ಕಟ್ಟದೆ ಸುದ್ದಿ ತೆರೆಯದಿದ್ದರೆ, ಎನ್‌ಆರ್‌ಕೆ ಉಚಿತ, ಗ್ರಂಥಾಲಯದಲ್ಲಿ ಪತ್ರಿಕೆಗಳೂ ಸಿಗುತ್ತವೆ. ಉಚಿತವಾಗಿ ತೆರೆಯುವ ಲಿಂಕೇ ಜಾಸ್ತಿ ಓಡಾಡುತ್ತದೆ ಎಂಬುದನ್ನೂ ಮರೆಯಬೇಡಿ.

ಇನ್ನು ದೂರು. ಹೌದು, ನೀವು ಕೊಡಬಹುದು. ನಾರ್ವೆಯ ಪ್ರಜೆಯಾಗಿರಬೇಕು ಅಂತೇನಿಲ್ಲ, ವಕೀಲರೂ ಬೇಡ, ಶುಲ್ಕವೂ ಇಲ್ಲ. ಸುದ್ದಿ ನಿಮ್ಮ ಬಗ್ಗೆಯೇ ಇದ್ದರೆ ಸರಳ. ಬೇರೆ ಯಾರ ಬಗ್ಗೆಯೋ ಇದ್ದರೆ ಅವರ ಒಪ್ಪಿಗೆ ಬೇಕು. ಅವರಿಗೇ ಬೇಡದ ಜಗಳವನ್ನು ನೀವು ಅವರ ಹೆಸರಲ್ಲಿ ಮಾಡುವ ಹಾಗಿಲ್ಲ. ಮೊದಲು ಸಂಪಾದಕರಿಗೇ ಬರೆಯಿರಿ: ಇಂಥ ಸಾಲು ತಪ್ಪು, ಸರಿಯಾದದ್ದು ಇದು, ತಿದ್ದಿ. ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಪಿಎಫ್‌ಯುಗೆ ಬರೆಯುವಾಗ ‘ಈ ತಾಣ ಕೆಟ್ಟದ್ದು’ ಅನ್ನಬೇಡಿ. ಯಾವ ಸುದ್ದಿ, ಯಾವ ದಿನ, ಫಲಕದ ಯಾವ ಅಂಶ, ಯಾಕೆ, ಇಷ್ಟು ಸಾಕು. ಲಿಂಕ್ ಜೊತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸುದ್ದಿ ಸದ್ದಿಲ್ಲದೆ ಬದಲಾಗುವುದುಂಟು. ಗಡುವು ಇದೆ, ತಡ ಮಾಡಬೇಡಿ. ಅದೇ ವಿಷಯಕ್ಕೆ ಕೋರ್ಟಿಗೂ ಹೋಗುವುದಾದರೆ ಪಿಎಫ್‌ಯು ಕೈಹಾಕುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಲಿಂಕ್‌ನ ಕೆಳಗೆ ಯಾರಾದರೂ ಬಣ್ಣ, ಧರ್ಮ ಹಿಡಿದು ಹೀನಾಯವಾಗಿ ಬರೆದಿದ್ದರೆ ಅದರ ದಾರಿ ಬೇರೆ. ದಂಡಸಂಹಿತೆಯ 185ನೇ ಕಲಮು ದ್ವೇಷದ ಮಾತನ್ನು ಅಪರಾಧ ಅನ್ನುತ್ತದೆ. ಅದಕ್ಕೆ ಪೊಲೀಸರ ಬಳಿ ಹೋಗಬೇಕು. ಸಂಪಾದಕರಿಗೂ ತಿಳಿಸಿ, 4.17ರ ಪ್ರಕಾರ ತೆಗೆಯಬೇಕಾದದ್ದು ಅವರು.

ನಿಮ್ಮ ಜೊತೆಗಾರರ ಜೊತೆ ವಾದಕ್ಕೆ ಇಳಿಯಬೇಡಿ ಅಂತಲೇ ಹೇಳುತ್ತೇನೆ. ಮುಂದಿನ ಸಲ ಲಿಂಕ್ ಬಂದಾಗ ಮೂಲ ಸುದ್ದಿಯನ್ನು ಹುಡುಕಿ ವಾಪಸ್ ಕಳಿಸಿ, ‘ಇದರಲ್ಲಿ ಆ ವ್ಯಕ್ತಿಯ ಉತ್ತರವೂ ಇದೆ, ನೋಡಿ’ ಅಂತ ಒಂದೇ ಸಾಲು ಬರೆದು. ಅವರು ಓದುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು. ನಿಮ್ಮ ನಾರ್ವೇಜಿಯನ್ ಮಾತ್ರ ಸುಧಾರಿಸುತ್ತದೆ.